ಕೆನ್ನೆಯೊಳಗಿನ ಸ್ಲೈಡು

ಸೂಕ್ಷ್ಮದರ್ಶಕದ ಗೀಳು ಹತ್ತಿದವರು ಸಾಮಾನ್ಯವಾಗಿ ಮೊದಲು ನೋಡುವುದು ತಮ್ಮದೇ ಕೆನ್ನೆಯನ್ನು. ಟೂತ್‌ಪಿಕ್‌ನ ಮೊಂಡು ತುದಿಯಿಂದ ಒಳಗೆನ್ನೆಯನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ಮೆಥಿಲೀನ್ ಬ್ಲೂ ಒಂದು ಹನಿ ಬಿಟ್ಟರೆ ಸಾಕು: ಅಂಚು ಮಡಚಿದ ತೆಳು ಹಾಳೆಗಳಂಥ ಕೋಶಗಳು, ನಡುವೆ ಕಡುನೀಲಿ ಚುಕ್ಕೆ. ಸೊಗಸಾದ ಸ್ಲೈಡು, ನಿಜ. ಆದರೆ ಈ ಕೋಶಗಳ ಅಂಗಾಂಶವಾದ ಎಪಿಥೀಲಿಯಂ ಎಂದರೇನು ಎಂದು ತಿಳಿಯಹೊರಟವರನ್ನು ಇದರಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ಟೂತ್‌ಪಿಕ್ಕಿಗೆ ಸಿಗುವುದು ಹೇಗೂ ಉದುರಲಿದ್ದ ಮೇಲ್ಪದರದ ಬಿಡಿ ಕೋಶಗಳು. ಒಂದನ್ನೊಂದು ಬಿಗಿಹಿಡಿದು ಸಾಲಾಗಿ ನಿಲ್ಲುವುದೇ ಈ ಅಂಗಾಂಶದ ಗುಣ, ಅದೇ ಅಲ್ಲಿಲ್ಲ. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಕೊಡುವ ‘ಅನುಲೇಪಕ ಅಂಗಾಂಶ’ ಎಂಬ ಹೆಸರೂ ಅಷ್ಟೇ, ಮೈಗೆ ಗಂಧ ಬಳಿದಂತೆ ಮೇಲೆ ಹಚ್ಚಿದ ಯಾವುದೋ ಲೇಪ ಅನ್ನಿಸಿಬಿಡುತ್ತದೆ.

ಆ ಸಾಲು ಕಾಣಬೇಕಿದ್ದರೆ ಸಣ್ಣಕರುಳಿನ ಸಿದ್ಧ ಸ್ಲೈಡೊಂದನ್ನು 400 ಪಟ್ಟು ಹಿಗ್ಗಿಸಿ ನೋಡಿ. ಬೆರಳಿನಂಥ ವಿಲ್ಲಸ್ಸಿನ ಸುತ್ತ ಒಂದೇ ಒಂದು ಸಾಲು ಎತ್ತರದ ಕೋಶಗಳು. ಕೋಶಕೇಂದ್ರಗಳೆಲ್ಲ ಬುಡದ ಕಡೆಗೆ, ಮೇಲಂಚಿನಲ್ಲಿ ಬ್ರಷ್ಷಿನ ಕೂದಲಿನಂಥ ಮಸುಕು ಗೆರೆ. ಎಂದರೆ ಪ್ರತಿ ಕೋಶಕ್ಕೂ ತಲೆ ಯಾವುದು, ಬುಡ ಯಾವುದು ಎಂಬುದು ನಿಶ್ಚಿತ. ಈ ದಿಕ್ಕೇ ಅದರ ಕೆಲಸದ ಗುಟ್ಟು. ತಲೆಯ ಕಡೆಯ ಬಾಗಿಲಿನಿಂದ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಬರುತ್ತವೆ, ಬುಡದ ಕಡೆಯ ಪಂಪು ಸೋಡಿಯಂ ಅನ್ನು ರಕ್ತದತ್ತ ದೂಡುತ್ತದೆ, ನೀರು ಹಿಂಬಾಲಿಸುತ್ತದೆ. ಕೋಶಗಳ ನಡುವಿನ ಬಿಗಿ ಬೆಸುಗೆ ಸೋರಿಕೆಯನ್ನು ತಡೆಯುವುದರ ಜೊತೆಗೆ ಮೇಲಿನ ಬಾಗಿಲು ಕೆಳಕ್ಕೆ ಜಾರದಂತೆಯೂ ಕಾಯುತ್ತದೆ. (ಈ ಬೆಸುಗೆಯ ರಚನೆ ನಮ್ಮ ಮಸೂರಗಳಿಗೆ ಎಟುಕದು, 1963ರಲ್ಲಿ ಫಾರ್ಕರ್ ಮತ್ತು ಪಲಾಡೆ ಅದನ್ನು ವಿವರಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಲದಿಂದ.) ತಲೆ–ಬುಡದ ಈ ಕೆಲಸಕ್ಕೆ ಸಾಕ್ಷಿ ಮೆಡಿಕಲ್ ಶಾಪಿನ ಉಪ್ಪು–ಸಕ್ಕರೆಯ ಓಆರ್‌ಎಸ್ ಪೊಟ್ಟಣ. ಕಾಲರಾದ ವಿಷ ಕರುಳಿನಿಂದ ನೀರು ಸುರಿಸುತ್ತದೆ, ಆದರೆ ಸೋಡಿಯಂ–ಗ್ಲೂಕೋಸ್ ಬಾಗಿಲನ್ನು ಮುಟ್ಟುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬೊನಗಾಂವ್‌ನಲ್ಲಿ ವೈದ್ಯ ದಿಲೀಪ್ ಮಹಾಲನಬೀಸ್ ಕಾಲರಾ ರೋಗಿಗಳ ಜೀವ ಉಳಿಸಿದ್ದು ಇದೇ ಬಾಗಿಲಿನ ಭರವಸೆಯಿಂದ. ಬರೀ ಲೇಪವಾಗಿದ್ದರೆ ಉಪ್ಪು–ಸಕ್ಕರೆ ಕಲಸಿದ ನೀರಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಕರುಳಿನ ಮಾತು ಸರಿ, ಚರ್ಮ ಮತ್ತು ಕೆನ್ನೆ ಹೊದಿಕೆಗಳೇ ತಾನೆ ಎಂದು ಕೇಳಬಹುದು. ಉಜ್ಜಾಟ ಹೆಚ್ಚಿದ್ದಲ್ಲಿ ಹಲವು ಪದರ ಇರುವುದು ನಿಜ. ಆದರೂ ತಳದ ಸಾಲು ಅಲ್ಲೂ ಆಧಾರಪೊರೆಯ ಮೇಲೆ ನಿಂತು, ವಿಭಜಿಸಿ, ಮೇಲಕ್ಕೆ ಹೊಸಬರನ್ನು ಕಳಿಸುತ್ತಲೇ ಇರುತ್ತದೆ. ಬಾಯಿಯ ಒಳಪದರವಂತೂ ಮುಚ್ಚಿದ ಗೋಡೆಯಲ್ಲ: ಎದೆನೋವಿಗೆ ನಾಲಿಗೆಯಡಿ ಇಟ್ಟ ನೈಟ್ರೋಗ್ಲಿಸರಿನ್ ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ, ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಮುಗಿದುಹೋಗುತ್ತದೆ. ಹಾಗೆಂದು ಕೆನ್ನೆಯ ಸ್ಲೈಡನ್ನು ಎಸೆಯಬೇಕಿಲ್ಲ. ಚೆನ್ನಾಗಿ ಹರಡಿದ ಒಂಟಿ ಕೋಶವನ್ನು ಬಿಟ್ಟು, ಎರಡು ಮೂರು ಇನ್ನೂ ಅಂಟಿಕೊಂಡೇ ಬಂದಿರುವ ಮೂಲೆಯನ್ನು ಹುಡುಕಿ, ಬೆಳಕು ತಗ್ಗಿಸಿ, ಅವು ಕೂಡಿದ ಗೆರೆಯ ಮೇಲೆ ಫೋಕಸ್ ಮಾಡಿ.