ಕಾರ್ನೇಷನ್: ಮೊದಲು ಬಟ್ಟಲು ನೋಡಿ

ಕಾರ್ನೇಷನ್ ಕೊಳ್ಳುವವರು ಎಸಳಿನ ಬಣ್ಣ ನೋಡುತ್ತಾರೆ. ಬೆಳೆದು ಗೊತ್ತಿರುವವರು ಹೂವನ್ನು ಮಗುಚಿ, ಕೆಳಗಿನ ಹಸಿರು ಬಟ್ಟಲು ನೋಡುತ್ತಾರೆ. ಐದು ಹಲ್ಲಿನ ಈ ಪುಷ್ಪಪಾತ್ರೆಯೇ ಅಷ್ಟೂ ಎಸಳುಗಳನ್ನು ಹಿಡಿದಿಡುವುದು. ಅದು ಒಂದು ಕಡೆ ಸೀಳಿತೋ, ಎಸಳೆಲ್ಲ ಆ ಕಡೆಗೇ ಜೋತುಬಿದ್ದು ಹೂವಿನ ದುಂಡು ಹೋಯಿತು, ಜೊತೆಗೆ ಬೆಲೆಯೂ.

ಬೆಂಗಳೂರಿನ ಸುತ್ತ ಈ ಕಾಟ ಜನವರಿ, ಫೆಬ್ರುವರಿಯಲ್ಲಿ ಜಾಸ್ತಿ. ರಾತ್ರಿ ಕೊರೆಯುವ ಚಳಿ, ಮಧ್ಯಾಹ್ನ ಚುರುಕು ಬಿಸಿಲು. ಚಳಿಗೆ ಮೊಗ್ಗಿನೊಳಗೆ ಎಸಳುಗಳು ಲೆಕ್ಕಕ್ಕಿಂತ ಹೆಚ್ಚು ಹುಟ್ಟಿಕೊಳ್ಳುತ್ತವೆ. ಬಟ್ಟಲು ಮಾತ್ರ ಇದ್ದಷ್ಟೇ. ಬಿಸಿಲೇರಿ ಮೊಗ್ಗು ಉಬ್ಬಿದಾಗ ಸೀಳದೆ ಬೇರೆ ದಾರಿಯಿಲ್ಲ. ಪಾಲಿಹೌಸಿನವರು ಸಂಜೆಯಾಗುತ್ತಲೇ ಪಕ್ಕದ ಪರದೆ ಇಳಿಸುವುದು ಇದಕ್ಕೇ. ಕುಂಡದಲ್ಲಿ ಬೆಳೆಯುವವರು ಹಗಲು ಬಿಸಿಲು ಕುಡಿದು ರಾತ್ರಿ ಬೆಚ್ಚಗಿರುವ ಗೋಡೆಯ ಪಕ್ಕ ಇಟ್ಟರೂ ಆಗುತ್ತದೆ. ಮಣ್ಣಿನಲ್ಲಿ ಬೋರಾನ್ ಕಡಿಮೆಯಾದರೂ ಬಟ್ಟಲು ಒಡೆಯುವುದುಂಟು. ಹಾಗಂತ ಬೋರಾಕ್ಸ್ ಸುರಿಯಬೇಡಿ, ಹೆಚ್ಚಾದರೆ ಎಲೆಯಂಚು ಸುಡುತ್ತದೆ. ಮೊಗ್ಗಿಗೆ ರಬ್ಬರ್ ಬ್ಯಾಂಡ್ ಹಾಕುವ ಹಳೆಯ ಉಪಾಯವೂ ಇದೆ. ನನಗದು ಸೇರದು.

ಕಟಿಂಗ್ ನೆಡುವಾಗ ಬೇರು ಮುಚ್ಚುವಷ್ಟು ಮಣ್ಣು ಸಾಕು; ಕಾಂಡ ಹೂತರೆ ಬುಡ ಕೊಳೆಯುತ್ತದೆ. ಐದಾರು ಜೊತೆ ಎಲೆ ಬಂದ ಮೇಲೆ ಕುಡಿ ಮುರಿಯಬೇಕು. ಬೆಳಗ್ಗೆಯೇ ಮುರಿಯಿರಿ: ಗಿಡ ನೀರು ತುಂಬಿಕೊಂಡು ಬಿರುಸಾಗಿರುತ್ತದೆ, ಕುಡಿಯನ್ನು ಪಕ್ಕಕ್ಕೆ ಬಗ್ಗಿಸಿದರೆ ಗಿಣ್ಣಿನ ಹತ್ತಿರ ಟಕ್ಕನೆ ಕಳಚಿ ಬರುತ್ತದೆ. ಮಧ್ಯಾಹ್ನವಾದರೆ ನಾರಿನಂತೆ ಜಗ್ಗುತ್ತದೆ. ಆಮೇಲೆ ಮೊಗ್ಗಿನ ಸರದಿ. ಒಂಟಿ ದೊಡ್ಡ ಹೂವಿನ ತಳಿಯಲ್ಲಿ ತುದಿಮೊಗ್ಗು ಉಳಿಸಿ, ಪಕ್ಕದವನ್ನು ಬಟಾಣಿ ಗಾತ್ರಕ್ಕೆ ಬಂದಾಗ ಕಿತ್ತುಹಾಕಿ. ಗೊಂಚಲು ಬಿಡುವ ಸ್ಪ್ರೇ ತಳಿಗೆ ಇದರ ಉಲ್ಟಾ. ಅಲ್ಲಿ ಹೋಗಬೇಕಾದದ್ದು ತುದಿಮೊಗ್ಗೇ. ಸೊರಗು ರೋಗ ಬಂದ ಗಿಡಕ್ಕೆ ಮದ್ದು ಹುಡುಕುವುದು ದಂಡ. ಮಣ್ಣಿನ ಸಮೇತ ತೆಗೆದು ಎಸೆಯಿರಿ, ಆ ಮಣ್ಣಿನಲ್ಲಿ ಮತ್ತೆ ಕಾರ್ನೇಷನ್ ನೆಡಬೇಡಿ.

ಹಳೆಯ ತಳಿಗಳಿಗೆ ಲವಂಗದ ಕಂಪಿತ್ತು. ಅಂಗಡಿಯ ಬೊಕೆಯಲ್ಲಿ ಬರುವ ಹೂವಿಗೆ ಮೂಗು ತಗುಲಿಸಿದರೂ ಏನೂ ಸಿಗದು. ಪೆಟೂನಿಯಾದ ಜೀನ್ ಸೇರಿಸಿ 1990ರ ದಶಕದಲ್ಲೇ ನೇರಳೆ ಕಾರ್ನೇಷನ್ ಮಾಡಿದರು. ಕಳೆದುಹೋದ ಕಂಪಿನ ಮೇಲೆ ಅಷ್ಟು ಆಸ್ಥೆ ಯಾರಿಗೂ ಬಂದಂತಿಲ್ಲ.

ಬಾಳಿಕೆಯಲ್ಲಿ ಮಾತ್ರ ಇದನ್ನು ಹೊಗಳಲೇಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ ದಂಟಿನ ತುದಿ ಓರೆಯಾಗಿ ಕತ್ತರಿಸುತ್ತಿದ್ದರೆ ಹೂದಾನಿಯಲ್ಲಿ ವಾರ ದಾಟುತ್ತದೆ. ಆದರೆ ಅದೇ ಮೇಜಿನ ಮೇಲೆ ಬಾಳೆಹಣ್ಣಿನ ಚಿಪ್ಪು ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಸೋಕಿದರೆ ಎಸಳುಗಳು ಒಳಕ್ಕೆ ಮುದುಡಿಕೊಳ್ಳುತ್ತವೆ, ಮತ್ತೆ ಬಿಚ್ಚುವುದಿಲ್ಲ.