ಕನ್ನಡದಲ್ಲಿ ಡೈನೋಸಾರ್: ಕೆಲವು ಆಕ್ಷೇಪಗಳು

ಡೈನೋಸಾರ್‌ಗಳನ್ನು ಕುರಿತ ನಮ್ಮ ಜನಪ್ರಿಯ ಬರಹಗಳ ಮೇಲಿನ ಮೊದಲ ಆಕ್ಷೇಪ ಹೆಸರಿಗೆ ಸಂಬಂಧಿಸಿದ್ದು. 1842ರಲ್ಲಿ ರಿಚರ್ಡ್ ಓವೆನ್ ಗ್ರೀಕಿನಿಂದ ಕಟ್ಟಿದ ಪದವನ್ನು ಶಬ್ದಶಃ ತಂದು ‘ರಾಕ್ಷಸ ಹಲ್ಲಿ’ ಎನ್ನುವುದುಂಟು. ಈ ಪ್ರಾಣಿಗಳು ಹಲ್ಲಿಯ ವಂಶದವಲ್ಲ. ಮೊಸಳೆಗಳಿಗೆ ಹತ್ತಿರದ ಬಂಧುಗಳು, ಹಕ್ಕಿಗಳಂತೂ ಇವುಗಳ ಸಾಕ್ಷಾತ್ ಸಂತತಿ. ರಾಕ್ಷಸರೆಂದರೂ ಪೂರ್ತಿ ಸಲ್ಲದು. ಕೋಳಿಯ ಗಾತ್ರದವೂ ಇದ್ದವು. ಇದಕ್ಕೆ ಹೋಲಿಸಿದರೆ ‘ಪಳೆಯುಳಿಕೆ’ ಎಷ್ಟು ಉಚಿತವಾದ ಪದ! ಕನ್ನಡದ ಆದಿ ಪಕಾರ ಹಕಾರವಾಗಿ ಶತಮಾನಗಳೇ ಕಳೆದರೂ ಆ ಪದದಲ್ಲಿ ಅದು ಕೆಡದೆ ಉಳಿದಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ನಾವು ಓದಿದ ಬರಹಗಳಲ್ಲಿ ಅಮೆರಿಕೆಯ ಟೈರನೋಸಾರಸ್ಸಿಗೆ ದೊರೆಯುವ ಪುಟಗಳು ನಮ್ಮ ನೆಲಕ್ಕೆ ದೊರೆಯವು. ದೊರೆತಲ್ಲಿಯೂ 1828ರಲ್ಲಿ ಸ್ಲೀಮನ್ ಜಬಲಪುರದ ಬಳಿ ಮೂಳೆಗಳನ್ನು ಕಂಡದ್ದನ್ನು ಹೇಳಿ ಮುಂದೆ ಸಾಗುತ್ತಾರೆ. ಮಂಗಳೂರಿನ ವಿದ್ಯಾರ್ಥಿ ಸಹಜವಾಗಿ ಕೇಳುವ ಪ್ರಶ್ನೆ ಒಂದೇ: ‘ನಮ್ಮಲ್ಲಿ ಏಕಿಲ್ಲ?’ ಇದಕ್ಕೆ ಉತ್ತರವಿದೆ. ಇಲ್ಲಿಯ ತಳಪಾಯದ ಶಿಲೆ ಬಹುಮಟ್ಟಿಗೆ 250 ಕೋಟಿ ವರ್ಷಗಳಿಗಿಂತ ಹಳೆಯದಾದ ನೈಸ್. ಮೊದಲ ಡೈನೋಸಾರ್‌ಗಳು ಹುಟ್ಟಿ ಸುಮಾರು 23 ಕೋಟಿ ವರ್ಷಗಳಷ್ಟೇ ಆಗಿವೆ. ಅದರ ಮೇಲಿರುವ ಮುರಕಲ್ಲು, ಮಳೆನೀರು ಶಿಲೆಯ ಸಾರವನ್ನೆಲ್ಲ ತೊಳೆದೊಯ್ದ ಮೇಲೆ ಉಳಿದ ಕಬ್ಬಿಣದ ಗಸಿ. ಅಂತಹ ಆಮ್ಲೀಯ ನೆಲದಲ್ಲಿ ಮೂಳೆ ಬಾಳುವುದಿಲ್ಲ. ಮನೆಯ ಗೋಡೆಯ ಕಲ್ಲೇ ಕೊಡುವ ಈ ಪಾಠವನ್ನು ಬರೆಯುವವರು ಬಿಟ್ಟುಬಿಡುವುದು ಶೋಚನೀಯ.

ಡೈನೋಸಾರ್ ಯುಗದ ಶಿಲೆ ಈ ಕರಾವಳಿಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಮಲ್ಪೆಯ ಕಡಲಲ್ಲಿರುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದಿನವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಕೃತಿ. ಲಾವಾದಲ್ಲಿ ಮೂಳೆ ಸಿಕ್ಕದು, ನಿಜ. ಆದರೆ ಗುಜರಾತಿನ ನರ್ಮದಾ ಕಣಿವೆಯಲ್ಲಿ ದೊರೆತು 2003ರಲ್ಲಿ ನಾಮಕರಣಗೊಂಡ ರಾಜಾಸಾರಸ್ ಎಂಬ ಮಾಂಸಾಹಾರಿಗೆ ಮಡಗಾಸ್ಕರಿನ ಮಜುಂಗಾಸಾರಸ್ ಹತ್ತಿರದ ಬಂಧುವೇಕೆ ಎಂಬುದನ್ನು ವಿವರಿಸಬೇಕಾದವರು ಈ ಒಡೆದ ಅಂಚಿಗೆ ಬರಲೇಬೇಕು. ಪ್ರವಾಸಿಗರು ಚಿತ್ರ ತೆಗೆಸಿಕೊಂಡು ಮರಳುವ ಆ ಬಂಡೆಗಳ ಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಅಧ್ಯಾಯ ಬರೆಯಬಹುದು.

ಇನ್ನು ಗಾತ್ರದ ವ್ಯಾಮೋಹ. ಕರ್ನಾಟಕದ ಈಶಾನ್ಯ ಗಡಿಯಾಚೆ, ತೆಲಂಗಾಣದ ನಾಸ್ಕಲ್‌ನಲ್ಲಿ, ದಖನ್ನಿನ ಲಾವಾ ಪದರಗಳ ನಡುವಣ ಹಳೆಯ ಕೆರೆಗೆಸರಿನಿಂದ ಪ್ರಸಾದ್ ಮತ್ತು ಸಾಹ್ನಿಯವರು 1988ರಲ್ಲಿ ‘ಡೆಕ್ಕನೋಲೆಸ್ಟಿಸ್’ ಎಂಬ ಸ್ತನಿಯನ್ನು ಪ್ರಕಟಿಸಿದರು. ಭಾರತದ ಕ್ರಿಟೇಷಿಯಸ್ ಯುಗದ ಸ್ತನಿಯ ಮೊದಲ ಸಾಕ್ಷ್ಯವಿದು. ಸಾಕ್ಷ್ಯವೆಂದರೆ ಮಿಲಿಮೀಟರುಗಳಲ್ಲಿ ಅಳೆಯುವ ಹಲ್ಲುಗಳು. ನಮ್ಮ ಮಟ್ಟಿಗೆ ಇದು ಹತ್ತು ಮೂಳೆಗೂಡುಗಳಿಗೆ ಸಮ. ಇಂತಹ ಶೋಧಕ್ಕೆ ಬೇಕಾದುದು ಮಣ್ಣನ್ನು ತೊಳೆದು, ಜರಡಿ ಹಿಡಿದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಹೆಕ್ಕುವ ತಾಳ್ಮೆ. ಈ ದುಡಿಮೆಯ ವರ್ಣನೆ ನಮ್ಮ ಬರಹಗಳಲ್ಲಿ ಕಾಣದು. ಪ್ರಾಣಿ ಎದ್ದು ಘರ್ಜಿಸುವುದೊಂದೇ ಕಾಣುತ್ತದೆ. ಅದೇ ಕಾಲದ ಕೆರೆಗೆಸರು ಹಿಂದಿನ ಗುಲ್ಬರ್ಗಾ ಜಿಲ್ಲೆಯಲ್ಲಿಯೂ ಇದೆ. ಅಲ್ಲಿಯ ಸಿಹಿನೀರಿನ ಆಸ್ಟ್ರಕಾಡ್‌ಗಳನ್ನು, ಎಂದರೆ ಎರಡು ಚಿಪ್ಪಿನ ಅತಿಸಣ್ಣ ಜೀವಿಗಳನ್ನು, 2002ರಲ್ಲಿ ವಾಟ್ಲಿ, ಬಾಜಪೇಯಿ ಮತ್ತು ಶ್ರೀನಿವಾಸನ್ ವರ್ಣಿಸಿದ್ದಾರೆ. ಮಂಗಳೂರಿನಿಂದ ಕಶೇರುಕಗಳ ಪಳೆಯುಳಿಕೆಯನ್ನು ಅರಸಿ ಹೊರಡುವ ವಿದ್ಯಾರ್ಥಿ ಜಬಲಪುರದವರೆಗೆ ಹೋಗಬೇಕಾಗಿಲ್ಲ. ಆ ಕೆಸರಿಗೆ ಜರಡಿ ಹಿಡಿದು ಹೋದರೆ ಸಾಕು.