ಶಾವಿಗೆಗೆ ಇಂಗ್ಲಿಷ್ ಅರ್ಥ

1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದಂದಿನಿಂದ ಕನ್ನಡ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಕಾರ್ಯ ಬಹುದೂರ ಸಾಗಿದೆ. ಆದರೆ ಅಡುಗೆಯ ಶಬ್ದಗಳಲ್ಲಿ ಅರ್ಥಕಾರರು ಪದಕ್ಕೆ ಪದ ಕೊಟ್ಟು ತೃಪ್ತರಾಗುವುದೇ ಹೆಚ್ಚು. ‘ಶಾವಿಗೆ’ಯನ್ನೇ ನೋಡಬಹುದು. ಇದಕ್ಕೆ ರೂಢಿಯಾಗಿರುವ ಅರ್ಥ ‘ವರ್ಮಿಸೆಲ್ಲಿ’. ಇಂಗ್ಲಿಷಿಗೂ ಇದು ಎರವಲೇ. ‘ಸಣ್ಣ ಹುಳುಗಳು’ ಎಂಬರ್ಥದ ಇಟಾಲಿಯನ್ ಪದ. ಆಕಾರವನ್ನು ಹೇಳುತ್ತದೆ, ಪಾಕಕ್ರಮವನ್ನು ಹೇಳದು.

ಈ ಅರ್ಥ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಪರೀಕ್ಷಿಸಲು ಮಲೆನಾಡೂ ಬಯಲುಸೀಮೆಯೂ ಕೂಡುವ ತರೀಕೆರೆಯ ಪ್ರದೇಶ ತಕ್ಕ ಒರೆಗಲ್ಲು. ಅಜ್ಜಂಪುರದ ಬಯಲಿನ ಕಡೆಯ ಗೋಧಿಯ ಶಾವಿಗೆಯನ್ನು ಹಸಿ ಹಿಟ್ಟಿನಿಂದ ಎಳೆದು ಬಿಸಿಲಿನಲ್ಲಿ ಒಣಗಿಸುತ್ತಾರೆ, ಬೇಯುವುದು ಆಮೇಲೆ. ಇಟಲಿಯವರ ಕ್ರಮವೂ ಅದೇ. ಅಷ್ಟರಮಟ್ಟಿಗೆ ಅರ್ಥಕಾರರನ್ನು ನಾವು ಆಕ್ಷೇಪಿಸಲಾರೆವು. ಮಲೆನಾಡಿನ ಒತ್ತುಶಾವಿಗೆಯ ಕ್ರಮವಾದರೋ ತೀರ ತಿರುಗುಮುರುಗು. ಅಕ್ಕಿಹಿಟ್ಟನ್ನು ಮೊದಲು ಉಂಡೆಕಟ್ಟಿ ಬೇಯಿಸಿ, ಬಿಸಿ ಆರುವುದರೊಳಗೆ ಶಾವಿಗೆಯ ಒರಳಿಗೆ ತುಂಬಿ ಒತ್ತಬೇಕು. ಆರಿದರೆ ಎಳೆ ಇಳಿಯದು. ಒತ್ತಿದ್ದನ್ನು ಕಾಯಿಹಾಲಿನೊಡನೆ ಉಣ್ಣುವುದಷ್ಟೇ. (ಒರಳು ಒತ್ತಿದ ಕೈಗೆ ಈ ಭೇದವನ್ನು ಯಾರೂ ತಿಳಿಸಿಕೊಡಬೇಕಾಗಿಲ್ಲ.) ಅರ್ಥಕೋಶವನ್ನು ನಂಬಿದ ಪರಭಾಷಿಕನು ಬೆಂದುದನ್ನೇ ಮತ್ತೆ ಕುದಿಯುವ ನೀರಿಗೆ ಹಾಕಿ ಗಂಜಿ ಮಾಡಿಕೊಂಡಾನು.

‘ರವಿಯೋಲಿ’, ‘ರಿಸೊಟ್ಟೊ’ಗಳನ್ನು ಇಂಗ್ಲಿಷ್ ನಿಘಂಟುಕಾರರು ಭಾಷಾಂತರಿಸದೆ ಹಾಗೆಯೇ ಇರಿಸಿಕೊಂಡು ವಿವರಣೆ ಕೊಡುತ್ತಾರೆ. ಒತ್ತುಶಾವಿಗೆಗೂ ಅದೇ ನ್ಯಾಯ ಸಲ್ಲಬೇಕೆಂದು ನಮ್ಮ ಮತ. ಹೆಸರು ಕನ್ನಡದ್ದೇ ಇರಲಿ. ಧಾನ್ಯ ಯಾವುದು, ಬೇಯುವುದು ಒತ್ತುವುದಕ್ಕೆ ಮೊದಲೋ ಅನಂತರವೋ ಎಂಬುದನ್ನು ಇಂಗ್ಲಿಷಿನ ವಾಕ್ಯ ತಿಳಿಸಲಿ.